ಕತ್ತೆಯೋ, ಕತ್ತಿಯೋ: ಮಗುವಿನ ಕಿವಿ ಮತ್ತು ನೆನಪನ್ನು ಅಳೆಯುವ ಪರೀಕ್ಷೆಗಳ ಹಿನ್ನೆಲೆ

ಮೇಜಿನ ಮೇಲೆ ಎರಡು ಚಿತ್ರಗಳಿವೆ. ಒಂದು ಕತ್ತೆ, ಇನ್ನೊಂದು ಕತ್ತಿ. 'ಕತ್ತಿ ತೋರಿಸು' ಎಂದಾಗ ಕೊಪ್ಪಳ ಕಡೆಯ ಆರು ವರ್ಷದ ಮಗು ಕತ್ತೆಯ ಮೇಲೆ ಬೆರಳಿಡುತ್ತದೆ, ಹಾಳೆಯಲ್ಲಿ ತಪ್ಪಿನ ಗುರುತು ಬೀಳುತ್ತದೆ. ಆದರೆ ಈ ಸೀಮೆಯಲ್ಲಿ ಮನೆ 'ಮನಿ', ಎಮ್ಮೆ 'ಎಮ್ಮಿ', ಕತ್ತೆ 'ಕತ್ತಿ'. ಮಗುವಿಗೆ ಕೇಳಿಸಿದ್ದು ಸರಿಯಾಗಿಯೇ ಇದೆ. ಮಾತು ತಡವಾದ, ಬುದ್ಧಿ ಬೆಳವಣಿಗೆ ನಿಧಾನವಾದ, ಓದಲು ತಿಣುಕುವ ಮಕ್ಕಳಿಗೆ ಮಾಡುವ ಪರೀಕ್ಷೆಗಳಲ್ಲಿ ಇಂಥ ತಪ್ಪು ಗುರುತುಗಳು ಯಾಕೆ ಸೇರುತ್ತವೆ ಎಂದು ತಿಳಿಯಲು ಆ ಪರೀಕ್ಷೆಗಳು ಎಲ್ಲಿಂದ ಬಂದವು ಎಂದು ನೋಡಬೇಕು.

ಇಂಥ ಪರೀಕ್ಷೆಗಳಲ್ಲಿ ಒಂದಾದ, ಅಂಕಿಗಳನ್ನು ಹೇಳಿ ಮರಳಿ ಹೇಳಿಸುವ ಪದ್ಧತಿಗೆ 1887ರಷ್ಟು ಹಳೆಯ ಇತಿಹಾಸವಿದೆ. ಆ ವರ್ಷ ಜೋಸೆಫ್ ಜೇಕಬ್ಸ್ ಲಂಡನ್ನಿನ ಶಾಲಾ ಮಕ್ಕಳಲ್ಲಿ ಮಾಡಿದ ಪ್ರಯೋಗಗಳನ್ನು ಪ್ರಕಟಿಸಿದರು. ಅದೇ ವರ್ಷ ಫ್ರಾನ್ಸಿಸ್ ಗಾಲ್ಟನ್ ಬುದ್ಧಿಮಾಂದ್ಯರ ಆಶ್ರಯಧಾಮದಲ್ಲೂ ಅದನ್ನು ಮಾಡಿ ನೋಡಿದರು. 1905ರಲ್ಲಿ ಪ್ಯಾರಿಸ್ಸಿನ ಬಿನೆ ಮತ್ತು ಸಿಮೊನ್ ಇದನ್ನು ಬುದ್ಧಿಮಾಪನದೊಳಗೆ ಸೇರಿಸಿದರು. 1916ರಲ್ಲಿ ಅಮೆರಿಕದ ಟರ್ಮನ್ 4 ವರ್ಷಕ್ಕೆ 4 ಅಂಕಿ, 7ಕ್ಕೆ 5, 10ಕ್ಕೆ 6 ಎಂದು ಮಟ್ಟ ಕಟ್ಟಿದರು. 1930ರ ದಶಕದಲ್ಲಿ ಧಾರವಾಡದ ವಿ. ವಿ. ಕಾಮತರು ಆ ಮಾಪನವನ್ನು ಕನ್ನಡ, ಮರಾಠಿ ಮಕ್ಕಳಿಗೆ ಒಗ್ಗಿಸಿದರು. ಕನ್ನಡಕ್ಕೆ ಅದು ದೊಡ್ಡ ಉಪಕಾರ. ಆದರೆ ಆಗ ಧಾರವಾಡ ಮುಂಬೈ ಪ್ರಾಂತ್ಯದಲ್ಲಿತ್ತು, ಬಳ್ಳಾರಿ ಮದ್ರಾಸಿನಲ್ಲಿತ್ತು, ರಾಯಚೂರು ಮತ್ತು ಕೊಪ್ಪಳ ನಿಜಾಮರ ಆಳ್ವಿಕೆಯಲ್ಲಿದ್ದವು. ವಾಕ್ ಮತ್ತು ಶ್ರವಣದ ಅಖಿಲ ಭಾರತ ಸಂಸ್ಥೆ ಶುರುವಾದದ್ದು 1965ರಲ್ಲಿ, ಅದೂ ಮೈಸೂರಿನಲ್ಲಿ. ಹೀಗೆ ಅಳತೆಗೋಲು ಸಿದ್ಧವಾದಲ್ಲೆಲ್ಲ ಈ ಮೂರು ಜಿಲ್ಲೆಗಳ ಮಾತು ಅಂಚಿನಲ್ಲೇ ಉಳಿಯಿತು.

ಅಂಕಿ ನೆನಪಿಡುವಾಗ ತಲೆಯೊಳಗೆ ಏನು ನಡೆಯುತ್ತದೆ ಎಂಬುದು ಬಿಡಿಸಿಕೊಂಡದ್ದು 1974ರಿಂದೀಚೆಗೆ. ಕೇಳಿದ ಧ್ವನಿ ಒಂದೆರಡು ಕ್ಷಣ ಮಾತ್ರ ಉಳಿಯುತ್ತದೆ, ಮನಸ್ಸಿನಲ್ಲೇ ಮತ್ತೆ ಮತ್ತೆ ಉಚ್ಚರಿಸಿಕೊಂಡರೆ ಮಾತ್ರ ಅಳಿಯದು ಎಂದು ಬ್ರಿಟನ್ನಿನ ಮನೋವಿಜ್ಞಾನಿಗಳಾದ ಬ್ಯಾಡ್ಲಿ ಮತ್ತು ಹಿಚ್ ವಿವರಿಸಿದರು. ಮರುವರ್ಷ ಇನ್ನೊಂದು ಸಂಗತಿ ಹೊರಬಿತ್ತು: ಪದ ಉದ್ದವಾದಷ್ಟೂ ನೆನಪಿನಲ್ಲಿ ನಿಲ್ಲುವ ಪದಗಳು ಕಡಿಮೆ. ವೆಲ್ಷ್ ಭಾಷೆಯ ಅಂಕಿಗಳನ್ನು ಹೇಳಲು ಇಂಗ್ಲಿಷಿಗಿಂತ ಹೆಚ್ಚು ಹೊತ್ತು ಬೇಕು, ಅದಕ್ಕೇ ಆ ಭಾಷೆಯಲ್ಲಿ ಅಂಕ ಕಡಿಮೆ ಬರುತ್ತದೆ ಎಂದು 1980ರಲ್ಲಿ ತೋರಿಸಲಾಯಿತು. ಕನ್ನಡಕ್ಕೂ ಇದೇ ಮಾತು. ಇಂಗ್ಲಿಷಿನಲ್ಲಿ ಒಂದರಿಂದ ಒಂಬತ್ತರವರೆಗೆ ಏಳೊಂದನ್ನು ಬಿಟ್ಟು ಎಲ್ಲವೂ ಒಂದೇ ಉಸುರಿನ ಪದಗಳು. ಕನ್ನಡದಲ್ಲಿ ಅಂಥದ್ದು ಒಂದೂ ಇಲ್ಲ. ಎರಡು, ಒಂಬತ್ತು ಎಂಬವಕ್ಕಂತೂ ಮೂರು ಅಕ್ಷರ. ಇಂಗ್ಲಿಷ್ ಮಕ್ಕಳ ಪಟ್ಟಿಯಿಟ್ಟು ಕನ್ನಡದ ಮಗುವನ್ನು ತೂಗುವುದು ಅನ್ಯಾಯ.

ಪರೀಕ್ಷೆ ಹೇಳುವ ರೀತಿಯೂ ಅಷ್ಟೇ ಮುಖ್ಯ. ಸೆಕೆಂಡಿಗೆ ಒಂದು ಅಂಕಿ, ಏರಿಳಿತವಿಲ್ಲದ ದನಿ. ಶಿಕ್ಷಕರು ಹೇಳಿದರೆ ಗೊತ್ತಿಲ್ಲದೆಯೇ ಮಗ್ಗಿಯ ರಾಗ ಬಂದುಬಿಡುತ್ತದೆ, ಫೋನ್ ನಂಬರಿನಂತೆ ಎರಡೆರಡು ಜೋಡಿಯಾಗುತ್ತವೆ; ಆಗ ಮಗುವಿಗೆ ನೆನಪಿಡುವುದು ಸುಲಭವಾಗುತ್ತದೆ, ಅಂಕ ಸುಳ್ಳೇ ಏರುತ್ತದೆ. ಪ್ರತಿ ಉದ್ದಕ್ಕೆ ಎರಡು ಸರಣಿ, ಎರಡೂ ತಪ್ಪಿದರೆ ಅಲ್ಲಿಗೆ ನಿಲ್ಲಿಸಬೇಕು. 3-4-5ರಂಥ ಸಾಲು ಬೇಡ. ಮಗು ಎಣಿಸುವುದು ಕನ್ನಡದಲ್ಲೋ, ಇಂಗ್ಲಿಷಿನಲ್ಲೋ, ಉರ್ದುವಿನಲ್ಲೋ ಎಂದು ಮೊದಲು ಕೇಳಿ ಹಾಳೆಯ ಮೇಲ್ತುದಿಯಲ್ಲೇ ಬರೆಯಬೇಕು.

ಆದರೆ ಅಂಕಿಗಳು ಮಗುವಿಗೆ ಮೊದಲೇ ಪರಿಚಿತ. ಹೊಸ ಪದ ಕಲಿಯುವ ಶಕ್ತಿಯನ್ನು ನೋಡಬೇಕಾದರೆ ಅರ್ಥವಿಲ್ಲದ ಪದ ಬೇಕು. ಭಾಷಾ ತೊಂದರೆಯ ಮಕ್ಕಳು ಉದ್ದದ ಅರ್ಥಹೀನ ಪದ ಮರಳಿ ಹೇಳುವಾಗ ಎಡವುತ್ತಾರೆ ಎಂದು ಗ್ಯಾದರ್‌ಕೋಲ್ ಮತ್ತು ಬ್ಯಾಡ್ಲಿ 1990ರಲ್ಲಿ ತೋರಿಸಿದರು. ಆಮೇಲೆ 2ರಿಂದ 5 ಅಕ್ಷರಗಳ 40 ಪದಗಳ ಇಂಗ್ಲಿಷ್ ಪರೀಕ್ಷೆ ಬಂತು. ಅದನ್ನು ಲಿಪಿ ಬದಲಿಸಿ ಕನ್ನಡಕ್ಕೆ ತರಲಾಗದು: ಇಂಗ್ಲಿಷ್ ಪದಗಳು ಹೆಚ್ಚಾಗಿ ವ್ಯಂಜನದಲ್ಲಿ ಮುಗಿಯುತ್ತವೆ, ನಮ್ಮವು ಸ್ವರದಲ್ಲಿ. ಗೀಪು, ಡೇಮುಲ, ತೋಬಿಗೆನು, ಲಾಟುಗೇಪಿಮ ಎಂಬಂಥವು ಇಲ್ಲಿಗೆ ಹೊಂದುತ್ತವೆ. ಮಹಾಪ್ರಾಣ ಬೇಡ, ಆಡುಮಾತಿನಲ್ಲಿ ದೊಡ್ಡವರೇ ಅದನ್ನು ಬಿಟ್ಟಿದ್ದಾರೆ. 'ಮನೆಟುಗ' ಎಂಬಂತೆ ಒಳಗೊಂದು ನಿಜಪದ ಅಡಗಿದ್ದರೆ ಮಗು ಅದನ್ನೇ ಹಿಡಿದು ನಡೆಯುತ್ತದೆ. ಬಳ್ಳಾರಿ, ಸಿರುಗುಪ್ಪ ಕಡೆ ತೆಲುಗು, ರಾಯಚೂರಿನಲ್ಲಿ ಉರ್ದು, ತಾಂಡಾಗಳಲ್ಲಿ ಲಂಬಾಣಿ ಆಡುವವರಿಂದಲೂ ಪಟ್ಟಿಯನ್ನು ಓದಿಸಿ, ಯಾವ ಭಾಷೆಯಲ್ಲೂ ಅರ್ಥವಿಲ್ಲ ಎಂದು ಖಚಿತಪಡಿಸಿಕೊಳ್ಳಬೇಕು.

ಇಡೀ ಪರೀಕ್ಷೆಯ ಜೀವ ಇರುವುದು ತಪ್ಪುಗಳನ್ನು ಓದುವುದರಲ್ಲಿ. 'ತೋಬಿಗೆನು' ಎಂದಾಗ ಮಗು 'ತೋಬಿದೆನು' ಅಂದಿತು ಎನ್ನಿ. ಅದೇ ಮಗು ಗಿಡಕ್ಕೂ 'ದಿಡ' ಅನ್ನುವುದಾದರೆ ಅದು ನಾಲಿಗೆಯ ರೂಢಿ, ನೆನಪಿನ ದೋಷವಲ್ಲ, ಅಂಕ ಕಳೆಯಬಾರದು. 'ತೋಬಿನು' ಎಂದರೆ ಒಂದು ಅಕ್ಷರ ಜಾರಿದೆ. 'ತೋಗಿಬೆನು' ಎಂದರೆ ಧ್ವನಿಗಳೆಲ್ಲ ಉಳಿದಿವೆ, ಕ್ರಮ ತಪ್ಪಿದೆ. ಈ ಎರಡು ನೆನಪಿಗೆ ಸೇರಿದವು. ಬರೀ ಸರಿ-ತಪ್ಪು ಹಾಕುತ್ತಾ ಹೋದರೆ ಮೂರೂ ಒಂದೇ ಆಗಿಬಿಡುತ್ತವೆ. ಆದ್ದರಿಂದ ಧ್ವನಿ ಮುದ್ರಿಸಿಕೊಂಡು, ವ್ಯಂಜನಗಳಲ್ಲಿ ಶೇಕಡಾ ಎಷ್ಟು ಸರಿ ಬಂದವು ಎಂದು ಆಮೇಲೆ ಕೂತು ಎಣಿಸಬೇಕು.

ಧ್ವನಿಗಳ ವ್ಯತ್ಯಾಸ ಗುರುತಿಸುವ ಪರೀಕ್ಷೆಯ ದಾರಿ ಬೇರೆ. 1958ರ ವೆಪ್‌ಮನ್ ಪರೀಕ್ಷೆಯಲ್ಲಿ 40 ಜೋಡಿ ಪದಗಳು. ಎರಡೂ ಒಂದೇನಾ, ಬೇರೆಯಾ ಎಂದು ಮಗು ಹೇಳಬೇಕು. ಬೆಳವಣಿಗೆಯ ತೊಂದರೆ ಇರುವ ಎಷ್ಟೋ ಮಕ್ಕಳಿಗೆ 'ಒಂದೇ, ಬೇರೆ' ಎಂಬ ಪ್ರಶ್ನೆಯೇ ಅರ್ಥವಾಗದು, ಎಲ್ಲದಕ್ಕೂ 'ಒಂದೇ' ಅಂದುಬಿಡುತ್ತಾರೆ. ಚಿತ್ರ ತೋರಿಸುವುದೇ ಮೇಲು. ಎರಡೇ ಚಿತ್ರವಿದ್ದರೆ ಕಣ್ಣು ಮುಚ್ಚಿ ಬೆರಳಿಟ್ಟರೂ ಅರ್ಧ ಸರಿ ಬರುತ್ತದೆ. 20ರಲ್ಲಿ 15 ಮುಟ್ಟದೆ ಮಗುವಿಗೆ ಗೊತ್ತಾಗಿದೆ ಎನ್ನಲಾಗದು. ಪರೀಕ್ಷಕರ ತುಟಿ ಕಾಣಬಾರದು. ಆದರೆ ಅಂಗೈ ಅಡ್ಡ ಹಿಡಿದರೆ ಸ, ಶ ಮಂಕಾಗುತ್ತವೆ. ಕಸೂತಿಯ ರಿಂಗಿಗೆ ತೆಳು ಜಾಳಿಗೆ ಬಟ್ಟೆ ಕಟ್ಟಿ ಹಿಡಿಯುವುದು ಒಳ್ಳೆಯದು. ರಾಯಚೂರಿನ ಬೇಸಿಗೆಯಲ್ಲಿ ಫ್ಯಾನ್ ನಿಲ್ಲಿಸಲಾಗದು, ಅದರ ಸದ್ದಿನಲ್ಲಿ ಇಂಥ ಸಣ್ಣ ವ್ಯಂಜನಗಳೇ ಮೊದಲು ಮುಳುಗುತ್ತವೆ. ಬೆಳಿಗ್ಗೆ ಬೇಗ, ರಸ್ತೆಯಿಂದ ದೂರದ ಕೋಣೆಯಲ್ಲಿ ಮುಗಿಸಬೇಕು.

ಇದೆಲ್ಲಕ್ಕೂ ಮೊದಲು ಕಿವಿಯ ತಪಾಸಣೆ. 500ರಿಂದ 4000 ಹರ್ಟ್ಸ್‌ವರೆಗಿನ (ಸೆಕೆಂಡಿಗೆ ಅಷ್ಟು ಕಂಪನಗಳ) ಧ್ವನಿ ಕೇಳಿಸುತ್ತದೆಯೇ, ಕಿವಿತಮಟೆಯ ಹಿಂದೆ ನೀರು ತುಂಬಿದೆಯೇ ಎಂದು ನೋಡದೆ ನೆನಪನ್ನು ಅಳೆಯಲೇಬಾರದು. ಹುಟ್ಟಿನಿಂದಲೇ ಬೆಳವಣಿಗೆ ನಿಧಾನವಾಗುವ ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲಿ ಹೀಗೆ ನೀರು ನಿಲ್ಲುವುದು ತುಂಬಾ ಸಾಮಾನ್ಯ. ಕಿವಿ ಸರಿಯಿದ್ದರೂ ಅವರಲ್ಲಿ ಕೇಳಿದ್ದರ ನೆನಪು ನೋಡಿದ್ದರ ನೆನಪಿಗಿಂತ ದುರ್ಬಲ. ಅದಕ್ಕೇ ಒಂಬತ್ತು ಮರದ ತುಂಡುಗಳನ್ನು ಕ್ರಮವಾಗಿ ಮುಟ್ಟಿ ತೋರಿಸಿ, ಹಾಗೇ ಮುಟ್ಟಿಸುವ ಕೋರ್ಸಿ ಪರೀಕ್ಷೆಯನ್ನೂ ಜೊತೆಗೆ ಮಾಡಬೇಕು. ಮುಟ್ಟುವುದರಲ್ಲಿ ಚುರುಕು, ಹೇಳುವುದರಲ್ಲಿ ಹಿಂದೆ ಎಂದಾದರೆ ಶಾಲೆಯಲ್ಲಿ ಆ ಮಗುವಿಗೆ ಚಿತ್ರ, ಸನ್ನೆಗಳ ಮೂಲಕ ಕಲಿಸಬೇಕು.

2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಶಾಲೆಗೆ ಒಂದು ಸಲ ಹೋಗಬೇಕೆಂಬ ನಿಯಮವಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಕಲಿಕಾ ನ್ಯೂನತೆಯನ್ನೂ, ವಾಕ್ ಮತ್ತು ಭಾಷಾ ನ್ಯೂನತೆಯನ್ನೂ ಅಂಗವೈಕಲ್ಯಗಳ ಪಟ್ಟಿಗೆ ಸೇರಿಸಿತು. ಪ್ರಮಾಣಪತ್ರ, ವಿಶೇಷ ಸೌಲಭ್ಯ ಎಲ್ಲವೂ ಈಗ ಇಂಥ ಹಾಳೆಗಳ ಮೇಲೆ ನಿಂತಿರುವಾಗ ಒಂದೊಂದು ಜೋಡಿಪದವನ್ನೂ ಆರಿಸುವಾಗ ಎಚ್ಚರ ಬೇಕು. ದಖನಿ ಉರ್ದುವಿನಲ್ಲಿ ಳ ಇಲ್ಲ, ಆ ಮನೆಯ ಮಗುವಿಗೆ ಹಲ್ಲಿ-ಹಳ್ಳಿ ಜೋಡಿ ಸಲ್ಲದು. ಕತ್ತೆ-ಕತ್ತಿಯನ್ನು ಪಟ್ಟಿಯಿಂದ ತೆಗೆದು ಬಳೆ-ಬಾಳೆ ಇಡಬಹುದು: ಇಲ್ಲಿಯ ಬಾಯಲ್ಲಿ ಅವು 'ಬಳಿ', 'ಬಾಳಿ' ಆದರೂ ಗಿಡ್ಡ ಸ್ವರ, ಉದ್ದ ಸ್ವರದ ವ್ಯತ್ಯಾಸ ಹಾಗೇ ಉಳಿಯುತ್ತದೆ, ಎರಡರ ಚಿತ್ರವನ್ನೂ ಯಾವ ಮಗುವಾದರೂ ಗುರುತಿಸುತ್ತದೆ.