ಮತ ಶೇ 32, ಸ್ಥಾನ ಒಂದು: ಅನುಪಾತ ಪ್ರಾತಿನಿಧ್ಯದ ಹಿನ್ನೆಲೆ

2019ರ ಲೋಕಸಭಾ ಚುನಾವಣೆಯಲ್ಲಿ ಕರ್ನಾಟಕದ 28 ಕ್ಷೇತ್ರಗಳ ಪೈಕಿ 25 ಬಿಜೆಪಿ ಪಾಲಾದವು, ಕಾಂಗ್ರೆಸ್‌ಗೆ ದಕ್ಕಿದ್ದು ಒಂದು. ಮತದ ಲೆಕ್ಕದಲ್ಲಿ ಬಿಜೆಪಿಗೆ ಶೇ 51ಕ್ಕಿಂತ ತುಸು ಹೆಚ್ಚು, ಕಾಂಗ್ರೆಸ್‌ಗೆ ಶೇ 32ರ ಆಸುಪಾಸು ಬಂದಿತ್ತು. 1989ರ ವಿಧಾನಸಭೆಯಲ್ಲಿ ಇದೇ ಲೆಕ್ಕ ಕಾಂಗ್ರೆಸ್‌ಗೆ ಒಲಿದಿತ್ತು: ಸುಮಾರು ಶೇ 44 ಮತಕ್ಕೆ 224ರಲ್ಲಿ 178 ಸ್ಥಾನ, ಶೇ 27 ಮತ ಗಳಿಸಿದ ಜನತಾದಳಕ್ಕೆ 24. ಕ್ಷೇತ್ರಕ್ಕೊಬ್ಬರೇ ಗೆಲ್ಲುವ ಪದ್ಧತಿಯಲ್ಲಿ ಸೋತವರಿಗೆ ಬಿದ್ದ ಮತ ಸದನದ ಬಾಗಿಲವರೆಗೂ ಬರುವುದಿಲ್ಲ.

ಇದಕ್ಕೆ ಪರ್ಯಾಯ, ಪಡೆದ ಮತದ ಪ್ರಮಾಣಕ್ಕೆ ತಕ್ಕಂತೆ ಸ್ಥಾನ ಕೊಡುವ ಅನುಪಾತ ಪ್ರಾತಿನಿಧ್ಯ. ಅದು ನಮಗೆ ಹೊಸದಲ್ಲ. ಸಂವಿಧಾನ ರಚನಾ ಸಭೆಗೆ 1946ರಲ್ಲಿ ಪ್ರಾಂತ್ಯಗಳ ಸದಸ್ಯರು ಆಯ್ಕೆಯಾದದ್ದೇ ಈ ಪದ್ಧತಿಯಲ್ಲಿ. ಲೋಕಸಭೆಗೂ ಇದೇ ಇರಲಿ ಎಂದು 1949ರ ಜನವರಿ 4ರಂದು ಸಭೆಯ ಸದಸ್ಯ ಖಾಜಿ ಸೈಯದ್ ಕರೀಮುದ್ದೀನ್ ತಿದ್ದುಪಡಿ ತಂದರು. ಅಂಬೇಡ್ಕರ್ ಒಪ್ಪಲಿಲ್ಲ. ಅಕ್ಷರ, ಅಂಕಿ ಬಾರದ ಮತದಾರರಿಗೆ ಇದು ಕಷ್ಟ ಎಂಬುದು ಅವರ ಒಂದು ಕಾರಣ; ಸದನ ಸಣ್ಣ ಸಣ್ಣ ಗುಂಪುಗಳಾಗಿ ಒಡೆದು ಸರ್ಕಾರ ನಿಲ್ಲುವುದಿಲ್ಲ ಎಂಬುದು ಇನ್ನೊಂದು. ಸಾಕ್ಷರತೆ ಶೇ 18ರಷ್ಟಿದ್ದ ದೇಶದಲ್ಲಿ ಮೊದಲನೆಯದು ನ್ಯಾಯವಾದ ಆತಂಕವೇ. ಈಗ ಅದನ್ನು ಮುಂದಿಡುವುದು ಕಷ್ಟ. ಎರಡನೆಯದಕ್ಕೆ ಇಂದಿಗೂ ತೂಕವಿದೆ.

ಹೀಗಾಗಿ ಈ ಪದ್ಧತಿ ರಾಷ್ಟ್ರಪತಿ, ಉಪರಾಷ್ಟ್ರಪತಿ, ರಾಜ್ಯಸಭೆ ಮತ್ತು ವಿಧಾನ ಪರಿಷತ್ತಿಗಷ್ಟೇ ಉಳಿಯಿತು. ಅದು ನಡೆಯುವ ಬಗೆ ನೋಡಬೇಕಾದರೆ ವಿಧಾನಸೌಧದ ರಾಜ್ಯಸಭಾ ಮತದಾನವೇ ಸಾಕು. ಶಾಸಕರು ಚುನಾವಣಾಧಿಕಾರಿ ಕೊಟ್ಟ ಪೆನ್ನಿನಲ್ಲೇ ಹೆಸರಿನ ಮುಂದೆ 1, 2, 3 ಎಂದು ಪ್ರಾಶಸ್ತ್ಯ ಬರೆಯಬೇಕು. 1 ಬರೆಯದಿದ್ದರೆ, ಇಬ್ಬರಿಗೆ 1 ಕೊಟ್ಟರೆ, ಸಹಿ ಹಾಕಿದರೆ ಮತ ಅಸಿಂಧು. 2003ರ ತಿದ್ದುಪಡಿಯ ನಂತರ ಮತಪತ್ರವನ್ನು ಸ್ವಪಕ್ಷದ ಏಜೆಂಟರಿಗೆ ತೋರಿಸಿಯೇ ಪೆಟ್ಟಿಗೆಗೆ ಹಾಕಬೇಕು. ಬೇರೆಯವರಿಗೆ ತೋರಿಸಿದರೆ ಅದೂ ರದ್ದು.

ಪ್ರತಿ ಮತಪತ್ರದ ಮೌಲ್ಯ 100. 224 ಮತ ಸಿಂಧುವಾಗಿ 4 ಸ್ಥಾನಗಳಿದ್ದರೆ 22,400ನ್ನು 5ರಿಂದ ಭಾಗಿಸಿ 1 ಕೂಡಿಸಬೇಕು: 4,481. ಅಂದರೆ 45 ಪ್ರಥಮ ಪ್ರಾಶಸ್ತ್ಯ ಮತ ಬಂದವರು ಗೆದ್ದಂತೆ. ಒಬ್ಬರಿಗೆ 46 ಬಂದರೆ ಹೆಚ್ಚುವರಿ 119 ಮೌಲ್ಯ ಅವರ ಪತ್ರಗಳಲ್ಲಿ ಯಾರ ಹೆಸರಿನ ಮುಂದೆ 2 ಇದೆಯೋ ಅವರಿಗೆ ಹೋಗುತ್ತದೆ. ಭಿನ್ನರಾಶಿ ಬಿಟ್ಟು ಪ್ರತಿ ಪತ್ರಕ್ಕೆ 2 ಮೌಲ್ಯ. ಸ್ಥಾನ ಉಳಿದರೆ ಕೊನೆಯವರನ್ನು ಕೈಬಿಟ್ಟು ಅವರ ಮತ ಹಂಚುತ್ತಾರೆ.

ಎಡವಟ್ಟಾಗುವುದು ಈ ಹಂಚಿಕೆಯಲ್ಲಿ. 2022ರಲ್ಲಿ 4 ಸ್ಥಾನಕ್ಕೆ 6 ಮಂದಿ ಕಣದಲ್ಲಿದ್ದರು. ಕಾಂಗ್ರೆಸ್ ಬಳಿ ಸುಮಾರು 70, ಜೆಡಿಎಸ್ ಬಳಿ 32 ಮತ. ಕಾಂಗ್ರೆಸ್‌ನ ಮೊದಲ ಅಭ್ಯರ್ಥಿಗೆ 45 ಕೊಟ್ಟ ಮೇಲೆ ಉಳಿದದ್ದು ಜೆಡಿಎಸ್ ಮತದ ಜತೆ ಸೇರಿದ್ದರೆ 57 ಆಗುತ್ತಿತ್ತು. ಎರಡೂ ಪಕ್ಷ ಪ್ರತ್ಯೇಕ ಅಭ್ಯರ್ಥಿ ನಿಲ್ಲಿಸಿದವು, ಹೊಂದಾಣಿಕೆ ಕುದುರಲಿಲ್ಲ. ಬಿಜೆಪಿಯ ಮೂರನೆಯವರು ಗೆದ್ದರು. ಪ್ರಾಶಸ್ತ್ಯ ಮತದಲ್ಲಿ ಸಂಖ್ಯೆಯಷ್ಟೇ ಒಪ್ಪಂದವೂ ಮುಖ್ಯ. ತೆರವಾದದ್ದು ಒಂದೇ ಸ್ಥಾನವಾದರೆ ಅನುಪಾತ ಎಂಬುದೇ ಇರುವುದಿಲ್ಲ: 224ರಲ್ಲಿ 113 ಇದ್ದವರೇ ಎಲ್ಲ ಪಡೆಯುತ್ತಾರೆ. ನಮ್ಮ ಪದವೀಧರ, ಶಿಕ್ಷಕರ ಕ್ಷೇತ್ರಗಳಲ್ಲೂ ಮತದಾರರು 1, 2, 3 ಬರೆಯುತ್ತಾರೆ. ಗೆಲ್ಲುವುದು ಮಾತ್ರ ಒಬ್ಬರೇ.

ಜನಸಾಮಾನ್ಯರ ಮತಕ್ಕೂ ಇದನ್ನು ತಂದರೆ ಏನಾಗುತ್ತದೆ ಎಂಬುದಕ್ಕೆ ಶ್ರೀಲಂಕಾ ಇದೆ. 1977ರಲ್ಲಿ ಅಲ್ಲಿ ಯುನೈಟೆಡ್ ನ್ಯಾಷನಲ್ ಪಾರ್ಟಿ (ಯುಎನ್‌ಪಿ) ಸುಮಾರು ಶೇ 51 ಮತಕ್ಕೆ 168ರಲ್ಲಿ 140 ಸ್ಥಾನ ಗೆದ್ದಿತು. ಶೇ 30ರ ಹತ್ತಿರವಿದ್ದ ಶ್ರೀಲಂಕಾ ಫ್ರೀಡಂ ಪಾರ್ಟಿಗೆ (ಎಸ್‌ಎಲ್‌ಎಫ್‌ಪಿ) 8. ಶೇ 7ನ್ನೂ ಮುಟ್ಟದ ತಮಿಳರ ಪಕ್ಷ ಟಿಯುಎಲ್‌ಎಫ್‌ಗೆ 18, ಜತೆಗೆ ಪ್ರಮುಖ ವಿರೋಧ ಪಕ್ಷದ ಪಟ್ಟ. ಮರುವರ್ಷದ ಸಂವಿಧಾನ ಅನುಪಾತ ಪದ್ಧತಿಗೆ ಬದಲಿಸಿತು. ಈಗ 225 ಸ್ಥಾನಗಳಲ್ಲಿ 196 ಜಿಲ್ಲಾವಾರು, 29 ರಾಷ್ಟ್ರೀಯ ಪಟ್ಟಿಯಿಂದ. ಮತದಾರರು ಒಂದು ಪಕ್ಷಕ್ಕೆ ಮತ ಹಾಕಿ, ಅದರೊಳಗಿನ ಮೂವರ ತನಕ ಗುರುತಿಸಬಹುದು. ಹೀಗಾಗಿ ಒಂದೇ ಪಕ್ಷದವರು ಪರಸ್ಪರ ಸೆಣಸುತ್ತಾರೆ, ಇಡೀ ಜಿಲ್ಲೆ ಸುತ್ತಬೇಕಾಗಿ ಖರ್ಚು ಏರುತ್ತದೆ. ಸರ್ಕಾರ ನಿಲ್ಲುವುದಿಲ್ಲ ಎಂಬ ಭಯ ಅಲ್ಲಿ ಪೂರ್ತಿ ನಿಜವಾಗಿಲ್ಲ: ಜಿಲ್ಲೆಯಲ್ಲಿ ಮುಂದಿರುವ ಪಕ್ಷಕ್ಕೊಂದು ಬೋನಸ್ ಸ್ಥಾನ, ಸ್ಥಾನಕ್ಕೆ ಕನಿಷ್ಠ ಶೇ 5 ಮತ ಬೇಕೆಂಬ ಮಿತಿ ಇವೆರಡರ ಬಲದಿಂದ 2024ರಲ್ಲಿ ನ್ಯಾಷನಲ್ ಪೀಪಲ್ಸ್ ಪವರ್ (ಎನ್‌ಪಿಪಿ) ಶೇ 61ಕ್ಕೂ ಹೆಚ್ಚು ಮತಕ್ಕೆ 159 ಸ್ಥಾನ ಪಡೆಯಿತು.

ಭಾರತದ ಕಾನೂನು ಆಯೋಗ 1999ರ 170ನೇ ವರದಿಯಲ್ಲಿ ನಡುದಾರಿಯೊಂದನ್ನು ಸೂಚಿಸಿತು. ಈಗಿನ ಕ್ಷೇತ್ರಗಳು ಹಾಗೇ ಇರಲಿ, ಶೇ 25ರಷ್ಟು ಸ್ಥಾನ ಹೆಚ್ಚಿಸಿ ಅವನ್ನು ಪಕ್ಷಗಳ ಮತಪಾಲಿನ ಪ್ರಕಾರ ಪಟ್ಟಿಯಿಂದ ತುಂಬಿ ಎಂಬುದು ಅದರ ಸಲಹೆ. ಶಾಸಕ ತನ್ನೂರಿನವನೇ ಆಗಿರಬೇಕೆಂಬ ಜನರ ಅಪೇಕ್ಷೆಗೂ ಇದರಿಂದ ಧಕ್ಕೆಯಿಲ್ಲ. ತೊಡಕಿರುವುದು ಪಟ್ಟಿಯಲ್ಲಿ. ಹೆಸರುಗಳ ಕ್ರಮ ಹೈಕಮಾಂಡ್ ಕೈಯಲ್ಲಿದ್ದರೆ ಟಿಕೆಟ್ ಹಂಚಿಕೆಯ ರೋಗ ಇಲ್ಲಿಗೂ ಬರುತ್ತದೆ. ಕ್ರಮವನ್ನು ಮತದಾನಕ್ಕೆ ಮೊದಲೇ ಪ್ರಕಟಿಸಬೇಕು, ಆಮೇಲೆ ಬದಲಿಸುವಂತಿರಬಾರದು.

ರಾಜ್ಯಗಳ ಲೋಕಸಭಾ ಸ್ಥಾನಗಳ ಸಂಖ್ಯೆ 1971ರ ಜನಗಣತಿಗೇ ನಿಂತಿದೆ. ಅದನ್ನು ಹೆಚ್ಚಿಸುವ ಮಾತು ಈಗ ಎದ್ದಿರುವುದರಿಂದ, ಹೊಸ ಸ್ಥಾನಗಳಲ್ಲಿ ಎಷ್ಟನ್ನು ಪಟ್ಟಿಗೆ ಬಿಡಬಹುದು ಎಂಬುದನ್ನು ಕ್ಷೇತ್ರಗಳ ಗಡಿ ಗುರುತಿಸುವ ಮೊದಲೇ ತೀರ್ಮಾನಿಸಬೇಕಾಗುತ್ತದೆ.