ಕಾಸು ಕಮ್ಮಿಯಾದಾಗ ಪರಿಸರದ ಕಾಳಜಿ: ಫ್ಯಾನಿನ ಲೆಕ್ಕದಲ್ಲಿ ನಾನು ಎಡವಿದ ಜಾಗ

ಗ್ರಾಹಕ ನಡವಳಿಕೆ ಓದುವವರಿಗೆ ಈ ಪ್ರಶ್ನೆ ತಪ್ಪಿದ್ದಲ್ಲ: ಆರ್ಥಿಕ ಕಷ್ಟ ಬಂದಾಗ ಜನ ಪರಿಸರವನ್ನು ಮರೀತಾರಾ? "ಹೌದು, ಹೊಟ್ಟೆಪಾಡು ಮೊದಲು" ಅಂತ ನಾನು ಒಂದೇ ಸಾಲಿನಲ್ಲಿ ಉತ್ತರ ಬರೆದು ಮುಗಿಸಿದ್ದೆ. ಅದು ಅರ್ಧ ಮಾತ್ರ ಸರಿ.

ಬ್ರಿಟನ್ನಿನ ಉದಾಹರಣೆ ನೋಡಿ. 2008ರ ಕುಸಿತದ ನಂತರ, 2009ರಲ್ಲಿ ಅಲ್ಲಿ ಸಾವಯವ ಆಹಾರದ ಮಾರಾಟ ಸುಮಾರು 13% ಇಳಿಯಿತು. ಆದರೆ ಅದೇ ವರ್ಷ ಫೇರ್‌ಟ್ರೇಡ್ ಮುದ್ರೆಯ ಸಾಮಾನುಗಳ ಮಾರಾಟ ಏರಿತು. ಫೇರ್‌ಟ್ರೇಡ್ ಅನ್ನೋದು ಪರಿಸರಕ್ಕಿಂತ ರೈತನಿಗೆ ಸಿಗುವ ಬೆಲೆಯ ವಿಷಯ, ಆದರೂ ಕಾಳಜಿಯಿಂದ ಕೊಳ್ಳುವುದು ಎರಡರಲ್ಲೂ ಇದೆ ಅಲ್ವಾ? ಅಲ್ಲಿ ಕ್ಯಾಡ್ಬರಿಯ ಡೈರಿ ಮಿಲ್ಕ್‌ಗೆ ಆ ಮುದ್ರೆ ಬಿದ್ದದ್ದು 2009ರಲ್ಲೇ, ಅದಕ್ಕಾಗಿ ಬೆಲೆ ಏರಿಸಲಿಲ್ಲ. ಸಾವಯವಕ್ಕೆ ಮಾತ್ರ ಜಾಸ್ತಿ ದುಡ್ಡು ಕೊಡಬೇಕಿತ್ತು. ಅಂದರೆ ಇಳಿದದ್ದು ಕಾಳಜಿ ಅಂತ ಸುಮ್ನೆ ತೀರ್ಮಾನಿಸೋ ಹಾಗಿಲ್ಲ.

ಜನ ಒಂದು ಕೆಲಸಕ್ಕೆ ಮನಸ್ಸು ಮಾಡೋದು ಯಾವುದರಿಂದ ಅಂತ ಹೇಳುವ ಮಾದರಿಯೊಂದಿದೆ, ಮನಶ್ಶಾಸ್ತ್ರಜ್ಞ ಐಜೆನ್ (Ajzen) 1991ರಲ್ಲಿ ವಿವರಿಸಿದ್ದು. ಅದರಲ್ಲಿ ಮೂರು ವಿಷಯ ಇವೆ: ನನ್ನ ಮನಸ್ಸಿಗೆ ಏನನ್ನಿಸುತ್ತೆ, ಸುತ್ತಲಿನವರು ಏನು ಬಯಸ್ತಾರೆ, ಇದು ನನ್ನ ಕೈಲಾಗುತ್ತಾ. ಕಷ್ಟಕಾಲದಲ್ಲಿ ಮೊದಲು ಅಲುಗಾಡೋದು ಮೂರನೆಯದು. ಇಷ್ಟು ನೆನಪಿದ್ದರೆ ಸಾಕು.

ನಾನು ಸಿಕ್ಕಿಹಾಕಿಕೊಂಡದ್ದು: ಡಿಸ್ಕೌಂಟ್ ರೇಟ್

ಇದು ಅಂಗಡಿಯ ಡಿಸ್ಕೌಂಟ್ ಅಲ್ಲ. ನಾನು ಎರಡು ದಿನ ರಿಯಾಯಿತಿ ಅಂತಲೇ ಓದಿಕೊಂಡು ತಲೆ ಕೆಡಿಸಿಕೊಂಡೆ. ನಾಳೆ ಸಿಗುವ ನೂರು ರೂಪಾಯಿಯನ್ನು ಇವತ್ತು ನಾವು ಎಷ್ಟು ಕಮ್ಮಿ ಮಾಡಿ ನೋಡ್ತೀವಿ ಅನ್ನೋದೇ ಈ ದರ. ಹೌಸ್‌ಮನ್ ಎಂಬ ಅರ್ಥಶಾಸ್ತ್ರಜ್ಞ 1979ರಲ್ಲಿ ಅಮೆರಿಕದಲ್ಲಿ ಏಸಿ ಕೊಂಡವರನ್ನು ಅಧ್ಯಯನ ಮಾಡಿದಾಗ, ಆದಾಯ ಕಮ್ಮಿ ಆದಷ್ಟೂ ಈ ದರ ಜಾಸ್ತಿ ಅಂತ ಕಂಡಿತು.

ಯಾಕೆ ಜಾಸ್ತಿ? ಫ್ಯಾನಿನಲ್ಲಿ ನೋಡೋಣ. ಹಳೇ ಫ್ಯಾನ್ 75 ವ್ಯಾಟ್, ಕಮ್ಮಿ ಕರೆಂಟ್ ಎಳೆಯುವ ಹೊಸ ಬಗೆಯ ಬಿಎಲ್‌ಡಿಸಿ ಫ್ಯಾನ್ 30 ವ್ಯಾಟ್. ದಿನಕ್ಕೆ 12 ಗಂಟೆ ತಿರುಗಿದರೆ ತಿಂಗಳಿಗೆ ಸುಮಾರು 16 ಯೂನಿಟ್ ಉಳಿತಾಯ. ಯೂನಿಟ್‌ಗೆ 7 ರೂಪಾಯಿ ಅಂತ ಹಿಡಿದರೆ 113 ರೂಪಾಯಿ. ಹೊಸದಕ್ಕೆ 1,500 ರೂಪಾಯಿ ಬೇಕು ಅಂದುಕೊಳ್ಳಿ, ಹದಿಮೂರು ತಿಂಗಳು ಚಿಲ್ಲರೆಯಲ್ಲಿ ಹಾಕಿದ ದುಡ್ಡು ವಾಪಸ್. ಇಷ್ಟು ಲಾಭ ಇದ್ದೂ ಕೊಳ್ಳದವರಿಗೆ ತಿಳುವಳಿಕೆ ಇಲ್ಲ ಅಂತ ಬರೆದುಬಿಟ್ಟೆ. ತಪ್ಪಾದದ್ದು ಅಲ್ಲೇ.

ಪಕ್ಕದ ಮನೆಯ ಅಕ್ಕ ಹೂ ಕಟ್ಟಿ ಮಾರ್ತಾರೆ. ಈ ಲೆಕ್ಕ ಅವರಿಗೆ ಹೇಳಿದೆ. ಬಾಳೆನಾರು ನೆನೆಸುತ್ತಾ ಪೂರ್ತಿ ಕೇಳಿಸಿಕೊಂಡು, "ಅಷ್ಟು ದುಡ್ಡಿದ್ರೆ ಹೂವಿಗೆ ಹಾಕ್ತೀನಿ ಕಣಪ್ಪಾ, ಸಾಯಂಕಾಲಕ್ಕೆ ಕೈಗೆ ಬರುತ್ತೆ" ಅಂದರು. ನನಗೆ ಪಾಠ ಅರ್ಥ ಆದದ್ದು ಆಗ. ಅವರು ಕೈಸಾಲ ತರೋದು ನೂರಕ್ಕೆ ತಿಂಗಳಿಗೆ 10 ರೂಪಾಯಿ ಬಡ್ಡಿಗೆ. 1,500ಕ್ಕೆ ತಿಂಗಳ ಬಡ್ಡಿಯೇ 150, ಫ್ಯಾನ್ ಉಳಿಸೋದು 113. ಅವರ ಲೆಕ್ಕವೇ ಸರಿ, ನನ್ನದು ತಪ್ಪು! ಸಾಲ ಇಷ್ಟು ದುಬಾರಿ ಆದಾಗ ಡಿಸ್ಕೌಂಟ್ ರೇಟ್ ಜಾಸ್ತಿ ಇರೋದು ಸಹಜ. ಅದೇ 2 ರೂಪಾಯಿ ಬಡ್ಡಿಗೆ ಸಾಲ ಸಿಗೋರಿಗೆ ಬಡ್ಡಿ ಬರೀ 30, ಅವರು ಕಣ್ಣುಮುಚ್ಚಿ ಕೊಳ್ಳಬಹುದು. ಹಾಗಾಗಿ ನನ್ನ ಸುಲಭದ ದಾರಿ ಇದು: ತಿಂಗಳ ಉಳಿತಾಯ ಒಂದು ಕಡೆ, ಹಾಕುವ ದುಡ್ಡಿನ ತಿಂಗಳ ಬಡ್ಡಿ ಇನ್ನೊಂದು ಕಡೆ ಬರೀರಿ. ಬಡ್ಡಿಯೇ ಜಾಸ್ತಿ ಇದ್ದರೆ ಮುಂದಕ್ಕೆ ಹೋಗೋದೇ ಬೇಡ.

ಅಕ್ಕನ ಫ್ಯಾನಿಗೆ ಎರಡು ಸಲ ವೈಂಡಿಂಗ್ ಆಗಿದೆ, ಹೂ ಕೊಡೋದು ಎಲೆಯಲ್ಲಿ ಸುತ್ತಿ. ರಿಪೇರಿ ಮಾಡಿಸೋದು, ಕಮ್ಮಿ ಬಳಸೋದು ಕೂಡ ಪರಿಸರಸ್ನೇಹಿ ನಡವಳಿಕೆಯೇ. "ಹಸಿರು ವಸ್ತು ಕೊಂಡಿದ್ದೀರಾ?" ಅಂತ ಮಾತ್ರ ಕೇಳಿದರೆ ಇವರು ಲೆಕ್ಕಕ್ಕೇ ಬರೋದಿಲ್ಲ. ಉತ್ತರದಲ್ಲಿ ಇದನ್ನು ಖಂಡಿತ ಬರೀರಿ.

ಮೊದಲ ದುಡ್ಡಿನ ಭಾರ ಇಳಿಸಿದರೆ

ಕಮ್ಮಿ ಬೆಲೆಗೆ ಎಲ್‌ಇಡಿ ಬಲ್ಬ್ ಕೊಡುವ ಕೇಂದ್ರ ಸರ್ಕಾರದ ಉಜಾಲಾ ಯೋಜನೆಯಲ್ಲಿ ಬಲ್ಬಿನ ಖರೀದಿ ದರ 2014ರ 310 ರೂಪಾಯಿಯಿಂದ 2016ಕ್ಕೆ 38ಕ್ಕೆ ಇಳಿಯಿತು, ಸಗಟಾಗಿ ಟೆಂಡರ್ ಕರೆದದ್ದರಿಂದ. ನಮ್ಮ ಕರ್ನಾಟಕದಲ್ಲಿ ಅದು 'ಹೊಸ ಬೆಳಕು' ಹೆಸರಲ್ಲಿ ಬಂತು. ಕೆಲವು ರಾಜ್ಯಗಳಲ್ಲಿ ಮೊದಲು 10 ರೂಪಾಯಿ ಕೊಟ್ಟರೆ ಸಾಕಿತ್ತು, ಉಳಿದದ್ದು ತಿಂಗಳ ಕರೆಂಟ್ ಬಿಲ್ಲಿನಲ್ಲಿ ಕಂತಾಗಿ ಹೋಗುತ್ತಿತ್ತು. ಅಕ್ಕನಿಗೆ ಫ್ಯಾನೂ ಹೀಗೇ ಕಂತಿನಲ್ಲಿ ಸಿಕ್ಕಿದ್ದರೆ ಬೇಡ ಅನ್ನುತ್ತಿರಲಿಲ್ಲ ಅಂತ ನನಗನ್ನಿಸುತ್ತೆ.

ಒಂದು ತೊಡಕು ಮಾತ್ರ ಇದೆ. 2023ರ ಗೃಹಜ್ಯೋತಿ ಬಂದ ಮೇಲೆ ಬಿಲ್ ಸೊನ್ನೆ ಇರುವ ಮನೆಯಲ್ಲಿ ಆ 113 ರೂಪಾಯಿಯೂ ಸೊನ್ನೆ. ಆದರೆ ಯೋಜನೆ ಶುರುವಾದಾಗ ಉಚಿತದ ಮಿತಿ ಇದ್ದದ್ದು ಮನೆಯ 2022-23ರ ತಿಂಗಳ ಸರಾಸರಿ ಬಳಕೆಯ ಮೇಲೆ 10% ಮಾತ್ರ, ಗರಿಷ್ಠ 200 ಯೂನಿಟ್. ಮಿತಿಯ ಅಂಚಿನಲ್ಲಿರುವ ಮನೆಗೆ ಆ 16 ಯೂನಿಟ್ ಈಗಲೂ ಬೆಲೆಯುಳ್ಳದ್ದೇ.