ಕಂಪ್ಯೂಟರ್ ಜಾಸ್ತಿ ವೇಗವಾದರೆ ಹಳೇ ಸಾಫ್ಟ್‌ವೇರ್ ಯಾಕೆ ಕೈಕೊಡುತ್ತದೆ?

ಕಂಪ್ಯೂಟರ್ ಆನ್ ಆದ ಕೂಡಲೇ ಖಾಲಿ ಡೆಸ್ಕ್‌ಟಾಪಿನ ಮೇಲೆ ರೈಟ್ ಕ್ಲಿಕ್ ಮಾಡಿ, ನಾಲ್ಕೈದು ಸಲ ‘ರಿಫ್ರೆಶ್’ ಒತ್ತುವವರನ್ನು ನೀವು ನೋಡಿರುತ್ತೀರಿ. ಯಾಕೆ ಅಂತ ಕೇಳಿದರೆ ‘ಸಿಸ್ಟಂ ಸ್ವಲ್ಪ ಫಾಸ್ಟ್ ಆಗುತ್ತೆ’ ಅನ್ನುತ್ತಾರೆ. ಆಗುವುದಿಲ್ಲ. ಅಲ್ಲಿ ಯಾವ ಫೈಲುಗಳಿವೆ ಎಂದು ಇನ್ನೊಮ್ಮೆ ನೋಡಿ, ಐಕಾನುಗಳನ್ನು ಇನ್ನೊಮ್ಮೆ ಬಿಡಿಸುವುದಷ್ಟೇ ಅದರ ಕೆಲಸ. ಮೆಮೊರಿ ಖಾಲಿಯಾಗುವುದಿಲ್ಲ, ಪ್ರೊಸೆಸರ್‌ಗೆ ಹುಮ್ಮಸ್ಸೂ ಬರುವುದಿಲ್ಲ. ಇದೊಂದು ಮೂಢನಂಬಿಕೆ. ಮೌಸ್ ಹಿಡಿದು ಮಾಡುತ್ತೇವೆ ಅನ್ನುವುದಷ್ಟೇ ವ್ಯತ್ಯಾಸ.

ಇದರದೇ ಅಣ್ಣ ಇನ್ನೊಂದಿದೆ. ‘ಹದಿನೈದು ವರ್ಷ ಆಯ್ತಲ್ಲ ಸಾರ್, ಸಾಫ್ಟ್‌ವೇರ್ ವೀಕ್ ಆಗಿದೆ, ಹೊಸದು ಹಾಕಿಸಿ.’ ರಿಪೇರಿ ಅಂಗಡಿಯಲ್ಲಿ ಈ ಮಾತು ಕೇಳದವರು ಕಡಿಮೆ. ಬಟ್ಟೆ ಸವೆಯುತ್ತದೆ, ಟೈರು ಸವೆಯುತ್ತದೆ. ಸಾಫ್ಟ್‌ವೇರ್ ಸವೆಯುವುದಿಲ್ಲ. ಅದು ಬರೀ ಅಂಕಿಗಳ ಸಾಲು. ಫೈಲು ಕೆಡದೆ ಉಳಿದಿದ್ದರೆ 1987ರಲ್ಲಿ ಪತ್ರ, ಲೇಖನ ಬರೆಯಲು ಬಳಸುತ್ತಿದ್ದ ವರ್ಡ್‌ಸ್ಟಾರ್ 4.0 ಇವತ್ತಿಗೂ ಅಕ್ಷರಶಃ ಅದೇ ವರ್ಡ್‌ಸ್ಟಾರ್.

ಸವೆಯುವುದು ಯಂತ್ರ. ಹಾರ್ಡ್ ಡಿಸ್ಕ್ ತಿರುಗಿ ತಿರುಗಿ ಸೋಲುತ್ತದೆ. ಮದರ್‌ಬೋರ್ಡಿನ ಕೆಪಾಸಿಟರುಗಳು ತಲೆ ಉಬ್ಬಿಸಿಕೊಳ್ಳುತ್ತವೆ. ಫ್ಲಾಪಿಯಲ್ಲಿ ಕಾಂತಶಕ್ತಿ ಕುಂದುತ್ತದೆ. ಎಲ್ಲಕ್ಕಿಂತ ಮೊದಲು ಸಾಯುವುದು ಬೋರ್ಡಿನ ಮೇಲೆ ಕೂತಿರುವ ನಾಣ್ಯದಂಥ ಸೆಲ್. ಅದು ಸತ್ತರೆ ಕರೆಂಟು ಹೋದಾಗೆಲ್ಲ ಗಡಿಯಾರ ತಾರೀಕು ಮರೆಯುತ್ತದೆ. ವಿಂಡೋಸ್‌ಗೂ ಮುಂಚಿನ ಆಪರೇಟಿಂಗ್ ಸಿಸ್ಟಂ ಆದ ಡಾಸ್‌ನ ಕ್ಯಾಲೆಂಡರ್ ಶುರುವಾಗುವುದೇ 1980ರ ಜನವರಿ 1ರಿಂದ. ಹಾಗಾಗಿ ಬೆಳಿಗ್ಗೆ ಮೊದಲ ಬಿಲ್ಲಿನ ಮೇಲೆ ‘01-01-1980’ ಅಂತ ಬೀಳುತ್ತದೆ. ಸಾಫ್ಟ್‌ವೇರಿಗೆ ತಲೆ ಕೆಟ್ಟಿದೆ ಎಂದು ಎಲ್ಲರೂ ಅದನ್ನೇ ಬೈಯುತ್ತಾರೆ. ಸೆಲ್ ಬದಲಿಸಿದರೆ ತಲೆ ಸರಿಯಾಗುತ್ತದೆ.

ಹಾಗಾದರೆ ಹಳೇ ಸಾಫ್ಟ್‌ವೇರ್ ಹೊಸ ಕಂಪ್ಯೂಟರಿನಲ್ಲಿ ಯಾಕೆ ಓಡುವುದಿಲ್ಲ? ಅದನ್ನು ಬರೆದವರು ತಮ್ಮ ಕಾಲದ ಯಂತ್ರದ ಬಗ್ಗೆ ಕೆಲವು ವಿಷಯಗಳನ್ನು ಹೀಗೇ ಇರುತ್ತದೆ ಎಂದು ನಂಬಿಕೊಂಡಿದ್ದರು. ಪ್ರೋಗ್ರಾಂ ಹಾಗೇ ಇದೆ, ಆ ನಂಬಿಕೆ ಸುಳ್ಳಾಗಿದೆ. ಇದಕ್ಕೆ ನನಗೆ ತುಂಬಾ ಇಷ್ಟವಾದ ಉದಾಹರಣೆ ‘ರನ್‌ಟೈಮ್ ಎರರ್ 200’. ಇದನ್ನು ಸ್ವಲ್ಪ ನಿಧಾನವಾಗಿಯೇ ಹೇಳುತ್ತೇನೆ.

ತೊಂಬತ್ತರ ದಶಕದಲ್ಲಿ ಸಣ್ಣ ಆಫೀಸುಗಳ ಸಂಬಳ ಪಟ್ಟಿ, ಸ್ಟಾಕ್ ಲೆಕ್ಕ, ಬಿಲ್ಲಿಂಗಿನಂಥ ಎಷ್ಟೋ ಪ್ರೋಗ್ರಾಂಗಳನ್ನು ಟರ್ಬೊ ಪ್ಯಾಸ್ಕಲ್ ಎಂಬ ಪ್ರೋಗ್ರಾಮಿಂಗ್ ಸಲಕರಣೆಯಲ್ಲಿ ಬರೆಯುತ್ತಿದ್ದರು. 1997ರ ಹೊತ್ತಿಗೆ ಪೆಂಟಿಯಂ 2 ಪ್ರೊಸೆಸರ್ ಬಂತು. ವೇಗದ ಹೊಸ ಯಂತ್ರ ತಂದು ಹಳೇ ಪ್ರೋಗ್ರಾಂ ಓಡಿಸಿದರೆ ಅದು ಮೊದಲ ಕ್ಷಣದಲ್ಲೇ ನಿಂತುಬಿಡುತ್ತಿತ್ತು. ಪರದೆಯ ಮೇಲೆ ಬರುತ್ತಿದ್ದದ್ದು ಎರರ್ 200, ಅಂದರೆ ‘ಸೊನ್ನೆಯಿಂದ ಭಾಗಿಸಿದ್ದೀರಿ’ ಎಂಬ ದೂರು. ಪ್ರೋಗ್ರಾಂ ಬರೆದವನು ಎಲ್ಲೂ ಸೊನ್ನೆಯಿಂದ ಭಾಗಿಸಿಲ್ಲ. ನಿನ್ನೆ ಹಳೇ ಯಂತ್ರದಲ್ಲಿ ಅದೇ ಪ್ರೋಗ್ರಾಂ ಚೆನ್ನಾಗಿ ಓಡಿದೆ. ಏನಾಯಿತು?

ಕಣ್ಣಾಮುಚ್ಚಾಲೆ ಆಟದಲ್ಲಿ ಕಳ್ಳನಾದವನು ಗೋಡೆಗೆ ಮುಖ ಮಾಡಿ ನೂರರ ತನಕ ಎಣಿಸಬೇಕು. ಅಷ್ಟರಲ್ಲಿ ಉಳಿದವರು ಅವಿತುಕೊಳ್ಳಬೇಕು. ಗಡಿಯಾರ ಇಲ್ಲ, ಎಣಿಕೆಯೇ ಸಮಯ. ಒಬ್ಬ ಹುಡುಗ ‘ಒಂದ್ರಡ್ಮೂರ್ನಾಕ್’ ಅಂತ ಉಸಿರು ಬಿಡದೆ ಓಡಿಸಿದರೆ ಆಟವೇ ಕೆಡುತ್ತದೆ, ಅಲ್ವಾ? ಹಳೇ ಪ್ರೋಗ್ರಾಂಗಳೂ ಹೀಗೇ ಎಣಿಸಿ ಕಾಯುತ್ತಿದ್ದವು. ‘ಅರ್ಧ ಸೆಕೆಂಡ್ ನಿಲ್ಲು’ ಎಂದರೆ ಪ್ರೊಸೆಸರ್ ಏನೂ ಕೆಲಸವಿಲ್ಲದೆ ಸುಮ್ನೆ ಸುತ್ತು ಹಾಕುತ್ತಿತ್ತು. ಆದರೆ ಒಂದೊಂದು ಯಂತ್ರದ ವೇಗ ಒಂದೊಂದು ಥರ. ಅದಕ್ಕೇ ಟರ್ಬೊ ಪ್ಯಾಸ್ಕಲ್ ಜಾಣತನ ಮಾಡಿತು. ಪ್ರೋಗ್ರಾಂ ಶುರುವಾದಾಗ ಯಂತ್ರದ ಗಡಿಯಾರದ ಒಂದು ಮಿಡಿತದ ಅವಧಿಯಲ್ಲಿ, ಅಂದರೆ 55 ಮಿಲಿಸೆಕೆಂಡಿನಲ್ಲಿ, ಎಷ್ಟು ಸುತ್ತು ಹಾಕಲು ಆಗುತ್ತದೆ ಎಂದು ಮೊದಲೇ ಎಣಿಸಿ ನೋಡುವುದು. ಅದನ್ನು 55ರಿಂದ ಭಾಗಿಸಿದರೆ ಒಂದು ಮಿಲಿಸೆಕೆಂಡಿಗೆ ಎಷ್ಟು ಸುತ್ತು ಎಂದು ಸಿಗುತ್ತದೆ. ಈ ಹುಡುಗ ಎಷ್ಟು ಬೇಗ ಎಣಿಸುತ್ತಾನೆ ಎಂದು ಆಟಕ್ಕೆ ಮುಂಚೆಯೇ ಪರೀಕ್ಷೆ ಮಾಡಿದ ಹಾಗೆ.

ಇಲ್ಲೊಂದು ಅಡ್ಡದಾರಿ ಹಿಡಿಯಲೇಬೇಕು, ಕ್ಷಮಿಸಿ. ಆ 55 ಮಿಲಿಸೆಕೆಂಡ್ ಎಲ್ಲಿಂದ ಬಂತು? 50 ಅಲ್ಲ, 100 ಅಲ್ಲ, 55 ಯಾಕೆ? ಅದು ಬಂದದ್ದು ಅಮೆರಿಕದ ಕಲರ್ ಟಿವಿಯಿಂದ! ಅಲ್ಲಿನ ಟಿವಿಯ ಬಣ್ಣದ ಸಂಕೇತ 3.579545 ಮೆಗಾಹರ್ಟ್ಸ್‌ನದು. ಅದರ ನಾಲ್ಕು ಪಟ್ಟಿನ, 14.31818 ಮೆಗಾಹರ್ಟ್ಸ್‌ನ ಒಂದು ಹರಳನ್ನು ಐಬಿಎಂ 1981ರಲ್ಲಿ ತನ್ನ ಮೊದಲ ಪಿಸಿಯಲ್ಲಿ ಇಟ್ಟಿತು. ಟಿವಿಗೂ ಜೋಡಿಸಬಹುದು, ಹರಳೂ ಅಗ್ಗ. ಅದನ್ನು ಮೂರರಿಂದ ಭಾಗಿಸಿದರೆ 4.77 ಮೆಗಾಹರ್ಟ್ಸ್. ಅದು ಪ್ರೊಸೆಸರಿನ ವೇಗ. ಹನ್ನೆರಡರಿಂದ ಭಾಗಿಸಿದರೆ 1.193 ಮೆಗಾಹರ್ಟ್ಸ್. ಅದು ಗಡಿಯಾರದ ಚಿಪ್ಪಿಗೆ. ಆ ಚಿಪ್ಪು 65,536ರ ತನಕ ಎಣಿಸಿ ಒಂದು ಸಲ ಮಿಡಿಯುತ್ತದೆ. ಸೆಕೆಂಡಿಗೆ 18.2 ಮಿಡಿತ, ಒಂದೊಂದಕ್ಕೆ ಸುಮಾರು 55 ಮಿಲಿಸೆಕೆಂಡ್. ಅಮೆರಿಕದ ಟಿವಿ ಎಂಜಿನಿಯರುಗಳು ಹಾಕಿದ ಲೆಕ್ಕ ನಮ್ಮೂರಿನ ಅಂಗಡಿಯ ಬಿಲ್ಲಿಂಗಿನಲ್ಲೂ ಕೂತಿತ್ತು.

ಸರಿ, ಎರರ್ 200ಕ್ಕೆ ಬರೋಣ. ಭಾಗಿಸಿ ಬಂದ ಉತ್ತರವನ್ನು ಇಡಲು ಟರ್ಬೊ ಪ್ಯಾಸ್ಕಲ್ 16 ಬಿಟ್‌ಗಳ ಜಾಗ ಕೊಟ್ಟಿತ್ತು. ಅದರಲ್ಲಿ ಹಿಡಿಸುವ ಅತಿ ದೊಡ್ಡ ಸಂಖ್ಯೆ 65,535. ಮೊದಲ ಪಿಸಿಯಲ್ಲಿ ಮಿಲಿಸೆಕೆಂಡಿಗೆ ಆಗುತ್ತಿದ್ದ ಸುತ್ತು ತೀರಾ ಕಡಿಮೆ. ಬೇಕಾದಷ್ಟು ಜಾಗ ಉಳಿದಿತ್ತು. ಆದರೆ ಪ್ರೊಸೆಸರಿನ ವೇಗ 200 ಮೆಗಾಹರ್ಟ್ಸ್ ಹತ್ತಿರ ಹೋದಾಗ ಆ 55 ಮಿಲಿಸೆಕೆಂಡಿನಲ್ಲೇ 36 ಲಕ್ಷ ಸುತ್ತು ದಾಟಿತು. 55ರಿಂದ ಭಾಗಿಸಿದರೆ ಉತ್ತರ 65,535ಕ್ಕಿಂತ ದೊಡ್ಡದು. ಜಾಗದಲ್ಲಿ ಹಿಡಿಸುವುದಿಲ್ಲ. ಈಗ ಇಂಟೆಲ್ ಪ್ರೊಸೆಸರಿನ ಒಂದು ಗುಣ ನೋಡಿ. ಸೊನ್ನೆಯಿಂದ ಭಾಗಿಸಿದರೂ ಅದು ಕೂಗುವುದು ಒಂದೇ ಕೂಗು, ಉತ್ತರ ಹಿಡಿಸದಷ್ಟು ದೊಡ್ಡದಾದರೂ ಅದೇ ಕೂಗು. ಆ ಕೂಗು ಕೇಳಿದ ಟರ್ಬೊ ಪ್ಯಾಸ್ಕಲ್ ‘ಎರರ್ 200’ ಎಂದು ಬರೆದು ಪ್ರೋಗ್ರಾಂ ನಿಲ್ಲಿಸುತ್ತಿತ್ತು.

ಅಂದರೆ ಪ್ರೋಗ್ರಾಂ ದುರ್ಬಲವಾಗಿರಲಿಲ್ಲ. ಯಂತ್ರ ಅತಿ ಬಲಶಾಲಿಯಾಗಿತ್ತು! ಟರ್ಬೊ ಪ್ಯಾಸ್ಕಲ್ ಒಂದಕ್ಕೇ ಈ ಗತಿ ಬಂದದ್ದಲ್ಲ. ಡೇಟಾಬೇಸ್ ಕೆಲಸಕ್ಕೆ ಬಳಸುತ್ತಿದ್ದ ಕ್ಲಿಪ್ಪರ್, ಫಾಕ್ಸ್‌ಪ್ರೊಗಳಲ್ಲಿ ಬರೆದ ಪ್ರೋಗ್ರಾಂಗಳೂ ಇದೇ ಥರ ಮುಗ್ಗರಿಸಿದವು. ಎಎಂಡಿಯ ಕೆ6-2 ಪ್ರೊಸೆಸರ್ 350 ಮೆಗಾಹರ್ಟ್ಸ್ ಮುಟ್ಟಿದಾಗ ವಿಂಡೋಸ್ 95 ಕೂಡ ಶುರುವಾಗದೆ ಬೀಳುತ್ತಿತ್ತು. ಕಾರಣ ಇಂಥದ್ದೇ ಒಂದು ಸುತ್ತಿನ ಎಣಿಕೆ. ‘ಹೊಸ ಕಂಪ್ಯೂಟರಿಗೆ ಹಳೇ ಸಾಫ್ಟ್‌ವೇರಿನ ಭಾರ ಹೊರಲು ಆಗುವುದಿಲ್ಲ’ ಎಂದು ಯಾರಾದರೂ ಹೇಳಿದರೆ ಇದನ್ನೊಮ್ಮೆ ಹೇಳಿ ನೋಡಿ.

ಭಾರದ ಮಾತು ಬಂತಲ್ಲ. 1979ರಲ್ಲಿ ಡ್ಯಾನ್ ಬ್ರಿಕ್ಲಿನ್, ಬಾಬ್ ಫ್ರಾಂಕ್‌ಸ್ಟನ್ ಇಬ್ಬರೂ ಸೇರಿ ಮಾಡಿದ ವಿಸಿಕ್ಯಾಲ್ಕ್ ನಮ್ಮ ಎಲ್ಲ ಸ್ಪ್ರೆಡ್‌ಶೀಟುಗಳ ಮೂಲ. ಅದರ 1981ರ ಪಿಸಿ ಆವೃತ್ತಿಯನ್ನು ಬ್ರಿಕ್ಲಿನ್ ಉಚಿತವಾಗಿ ಹಂಚಿದ್ದಾರೆ. ಗಾತ್ರ ಸುಮಾರು 27 ಕೆಬಿ. ನಿಮ್ಮ ವಾಟ್ಸಾಪಿಗೆ ಬರುವ ಒಂದು ಗುಡ್ ಮಾರ್ನಿಂಗ್ ಚಿತ್ರ ಅದಕ್ಕಿಂತ ದಪ್ಪ. ಕೂಡಿಸುತ್ತದೆ, ಕಳೆಯುತ್ತದೆ, ಒಂದು ಅಂಕಿ ಬದಲಿಸಿದರೆ ಉಳಿದದ್ದನ್ನೆಲ್ಲ ತಾನೇ ತಿದ್ದುತ್ತದೆ. ಕೀಲಿ ಒತ್ತಿದ ಮೇಲೆ ಅಕ್ಷರ ಪರದೆಗೆ ಬರಲು ಎಷ್ಟು ಹೊತ್ತು ಬೇಕು ಎಂದು ಡ್ಯಾನ್ ಲೂ ಎಂಬ ಎಂಜಿನಿಯರ್ 2017ರಲ್ಲಿ ಹತ್ತಾರು ಯಂತ್ರಗಳನ್ನು ಅಳೆದು ನೋಡಿದರು. 1983ರ ಆಪಲ್ 2ಇ 30 ಮಿಲಿಸೆಕೆಂಡಿನಲ್ಲಿ ಅಕ್ಷರ ತೋರಿಸಿತು. ಆಗಿನ ಹಲವು ಹೊಸ ಯಂತ್ರಗಳು ನೂರು ದಾಟಿದವು. ಯಾಕೆಂದರೆ ಹಳೇ ಯಂತ್ರದಲ್ಲಿ ಕೀಲಿಗೂ ಪರದೆಗೂ ನಡುವೆ ದಲ್ಲಾಳಿಗಳಿರಲಿಲ್ಲ.

ಲೋಟಸ್ 1-2-3 ಇದನ್ನೇ ಮಾಡಿ ಗೆದ್ದಿತು. 1983ರ ಜನವರಿಯಲ್ಲಿ ಬಂದ ಈ ಸ್ಪ್ರೆಡ್‌ಶೀಟ್ ಡಾಸ್ ಅನ್ನು ಕೇಳದೆ ನೇರವಾಗಿ ಪರದೆಯ ಮೆಮೊರಿಗೇ ಬರೆಯುತ್ತಿತ್ತು. ‘ಐಬಿಎಂ ಪಿಸಿಯಂಥದ್ದೇ’ ಎಂದು ಹೇಳಿಕೊಳ್ಳುವ ಅಗ್ಗದ ಯಂತ್ರ ನಿಜವಾಗಿ ಹಾಗಿದೆಯೇ ಎಂದು ನೋಡಲು ಜನ ಅದರಲ್ಲಿ ಲೋಟಸ್ ಓಡಿಸುತ್ತಿದ್ದರು. ಇಂಥ ಲೋಟಸ್‌ನಲ್ಲೂ ಒಂದು ತಪ್ಪಿತ್ತು. ಅದು 1900 ಅನ್ನು ಅಧಿಕ ವರ್ಷ ಎಂದು ಎಣಿಸಿತು. ಶತಮಾನದ ವರ್ಷ 400ರಿಂದ ಭಾಗವಾದರೆ ಮಾತ್ರ ಅಧಿಕ ವರ್ಷ, 1900 ಹಾಗಲ್ಲ. ಆಮೇಲೆ ಬಂದ ಎಕ್ಸೆಲ್‌ಗೆ ಲೋಟಸ್ ಫೈಲುಗಳನ್ನು ಓದಬೇಕಿತ್ತು. ತಾರೀಕು ಒಂದು ದಿನ ಆಚೀಚೆ ಆಗಬಾರದು ಎಂದು ಗೊತ್ತಿದ್ದೇ ಆ ತಪ್ಪನ್ನು ಉಳಿಸಿಕೊಂಡರು. ಈಗಲೇ ಎಕ್ಸೆಲ್ ತೆಗೆದು ಒಂದು ಮನೆಯಲ್ಲಿ 60 ಎಂದು ಬರೆದು ಅದನ್ನು ತಾರೀಕಾಗಿ ಬದಲಿಸಿ. 1900ರ ಫೆಬ್ರುವರಿ 29 ಬರುತ್ತದೆ. ಅಂಥ ದಿನ ಇರಲೇ ಇಲ್ಲ! ಲಿಬ್ರೆಆಫೀಸಿನಲ್ಲಿ ಮಾಡಿದರೆ ಫೆಬ್ರುವರಿ 28 ಬರುತ್ತದೆ. ಹಳೇ ಸಾಫ್ಟ್‌ವೇರ್ ಬಳಸುವವರನ್ನು ನೋಡಿ ನಗುವ ನಾವು ದಿನಾ ಲೋಟಸ್‌ನ ತಪ್ಪನ್ನೇ ಬಳಸುತ್ತಿದ್ದೇವೆ.

ಓಡಿಸುವ ದಾರಿಯ ವಿಷಯ ಬೇಗ ಹೇಳಿಬಿಡುತ್ತೇನೆ. 64 ಬಿಟ್ ವಿಂಡೋಸ್‌ನಲ್ಲಿ ಡಾಸ್ ಕಾಲದ 16 ಬಿಟ್ ಪ್ರೋಗ್ರಾಂ ನೇರವಾಗಿ ಓಡುವುದಿಲ್ಲ. ಇಂಟೆಲ್‌ನ 1985ರ 386 ಪ್ರೊಸೆಸರಿನಿಂದ ಇದ್ದ ಒಂದು ಸೌಕರ್ಯ, ಅದರ ಹಳೇ 8086 ಪ್ರೊಸೆಸರಿನ ವೇಷ ಹಾಕುವುದು, 64 ಬಿಟ್ ಸ್ಥಿತಿಯಲ್ಲಿರುವಾಗ ಪ್ರೊಸೆಸರಿಗೆ ಇಲ್ಲ. ವಿಂಡೋಸ್ 11 ಬರುವುದೇ 64 ಬಿಟ್‌ನಲ್ಲಿ. ಆದರೆ ಡಾಸ್‌ಬಾಕ್ಸ್ ಇದೆ. ಅದು ಇಡೀ ಹಳೇ ಯಂತ್ರವನ್ನೇ ಸಾಫ್ಟ್‌ವೇರಿನಲ್ಲಿ ನಟಿಸುತ್ತದೆ. ಕಂಟ್ರೋಲ್ ಜೊತೆ ಎಫ್11 ಒತ್ತಿದರೆ ನಟನೆಯ ವೇಗ ಕಡಿಮೆಯಾಗುತ್ತದೆ, ಎಫ್12 ಒತ್ತಿದರೆ ಜಾಸ್ತಿ. ಎರರ್ 200ಕ್ಕೆ ಅದೇ ಮದ್ದು. ಹಳೇ ಯಂತ್ರವನ್ನೇ ಇಟ್ಟುಕೊಳ್ಳುತ್ತೀರಾ? ಇಟ್ಟುಕೊಳ್ಳಿ, ಇಂಟರ್ನೆಟ್ಟಿಗೆ ಮಾತ್ರ ಜೋಡಿಸಬೇಡಿ. ವಿಂಡೋಸ್ ಎಕ್ಸ್‌ಪಿಗೆ ಭದ್ರತೆಯ ತೇಪೆ ಹಾಕುವುದು 2014ರ ಏಪ್ರಿಲ್‌ಗೇ ನಿಂತಿದೆ.

ಇನ್ನು ನಮ್ಮ ಕಡೆಯ ಕಥೆ. ಕನ್ನಡದ ಡಿಟಿಪಿ ಸೆಂಟರುಗಳಲ್ಲಿ, ಪ್ರೆಸ್ಸುಗಳಲ್ಲಿ ಹಳೇ ಕಂಪ್ಯೂಟರನ್ನು ಬಿಡದೆ ಇಟ್ಟುಕೊಂಡದ್ದಕ್ಕೆ ಜಿಪುಣತನ ಕಾರಣವಲ್ಲ. ಪುಟ ಜೋಡಿಸುವ ಪೇಜ್‌ಮೇಕರ್ ಸಾಫ್ಟ್‌ವೇರ್ ಕಾರಣ. ಅದರ ಕೊನೆಯ ಆವೃತ್ತಿ 7.0 ಬಂದದ್ದು 2001ರಲ್ಲಿ, ಅದಕ್ಕೆ ಯುನಿಕೋಡ್, ಅಂದರೆ ಎಲ್ಲ ಭಾಷೆಗಳ ಅಕ್ಷರಗಳಿಗೂ ಬೇರೆ ಬೇರೆ ಅಂಕಿ ಕೊಡುವ ಪದ್ಧತಿ, ಗೊತ್ತೇ ಇಲ್ಲ. ಯುನಿಕೋಡ್‌ನಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಸಿಕ್ಕಿತ್ತು, ಆದರೆ ವಿಂಡೋಸ್ ಜೊತೆಗೇ ತುಂಗಾ ಎಂಬ ಫಾಂಟ್ ಬಂದದ್ದು 2001ರ ಎಕ್ಸ್‌ಪಿಯಲ್ಲಿ. ನಡುವಿನ ಹತ್ತು ವರ್ಷ ಕನ್ನಡ ಕಾಯಲಿಲ್ಲ. 1998ರಲ್ಲಿ ಕನ್ನಡ ಟೈಪ್ ಮಾಡಲು ಶೇಷಾದ್ರಿವಾಸು ಅವರ ‘ಬರಹ’ ಸಾಫ್ಟ್‌ವೇರ್ ಬಂತು. ಅದೇ ಕೆಲಸಕ್ಕೆ ಕನ್ನಡ ಗಣಕ ಪರಿಷತ್ತಿನ ‘ನುಡಿ’ ಬಂತು. ಈ ಕಾಲದ ಫಾಂಟುಗಳು ಮಾಡಿದ್ದು ಒಂದು ಸೊಗಸಾದ ಮೋಸ.

ಒಂದು ಬೈಟಿನಲ್ಲಿ ಇರುವುದು 256 ಮನೆ. ಕಾಗುಣಿತ, ಒತ್ತು ಎಲ್ಲ ಸೇರಿದರೆ ಕನ್ನಡಕ್ಕೆ ಅದು ಎಲ್ಲಿ ಸಾಕು? ಅದಕ್ಕೇ ಅಕ್ಷರಗಳನ್ನು ಕತ್ತರಿಸಿ ತುಂಡು ತುಂಡಾಗಿ ಇಟ್ಟರು. ನುಡಿ ಫಾಂಟಿನಲ್ಲಿ ‘ಕ’ ಬೇಕಾದರೆ ಇಂಗ್ಲಿಷಿನ ದೊಡ್ಡ ‘ಪಿ’ಯ ಮನೆಯಲ್ಲಿ ‘ಕ’ದ ಮೈ, ಫ್ರೆಂಚರ ಗೆರೆ ಹೊತ್ತ ‘ಎ’ಯ ಮನೆಯಲ್ಲಿ ತಲೆಕಟ್ಟು. ಎರಡೂ ಸೇರಿದರೆ ‘ಕ’. ‘ಕಿ’ಗೆ ‘ಕ್ಯೂ’ ಒಂದೇ ಸಾಕು. ಕಂಪ್ಯೂಟರಿಗೆ ಇದು ಕನ್ನಡ ಎಂದು ಗೊತ್ತೇ ಇಲ್ಲ. ಅದು ವಿಚಿತ್ರವಾದ ಫ್ರೆಂಚ್ ಎಂದುಕೊಂಡು ಮುದ್ರಿಸುತ್ತದೆ, ಕಾಗದದ ಮೇಲೆ ನಾವು ಕನ್ನಡ ಓದುತ್ತೇವೆ. ಫಾಂಟ್ ಇಲ್ಲದ ಯಂತ್ರದಲ್ಲಿ ಅದೇ ಫೈಲು ತೆರೆದರೆ ಕಲಸುಮೇಲೋಗರ. ಫೈಲು ‘ಕರಪ್ಟ್’ ಆಗಿದೆ ಎಂದು ಡಿಲೀಟ್ ಮಾಡಿದವರೂ ಇದ್ದಾರೆ. ಹೊಟ್ಟೆ ಉರಿಯುತ್ತದೆ. ಅದರಲ್ಲಿ ಒಂದು ಬೈಟೂ ಹಾಳಾಗಿರುವುದಿಲ್ಲ.

ಇಂಥ ಫೈಲುಗಳನ್ನು ಯುನಿಕೋಡ್‌ಗೆ ಬದಲಿಸುವ ಉಚಿತ ಸಲಕರಣೆಗಳು ಈಗ ಬೇಕಾದಷ್ಟಿವೆ. ಬದಲಿಸುವ ಮುಂಚೆ ಹಳೇ ಯಂತ್ರದಿಂದ ಫಾಂಟ್ ಫೈಲನ್ನೂ ನಕಲು ಮಾಡಿಟ್ಟುಕೊಳ್ಳಿ. ಯಾವ ಫಾಂಟಿನಲ್ಲಿ ಯಾವ ತುಂಡು ಯಾವ ಮನೆಯಲ್ಲಿದೆ ಎಂದು ಹೇಳುವುದು ಅದೊಂದೇ. ನುಡಿಯ ನಕ್ಷೆ ಬೇರೆ ಕಂಪನಿಯ ಫಾಂಟಿಗೆ ನಡೆಯುವುದಿಲ್ಲ. ಬದಲಿಸಿದ ಮೇಲೆ ಮೊದಲು ಹುಡುಕಬೇಕಾದದ್ದು ‘ಕರ್ನಾಟಕ’ ಪದವನ್ನು. ಹಳೇ ಫಾಂಟಿನಲ್ಲಿ ಅರ್ಕಾವತ್ತು ಕಾಣುವ ಜಾಗದಲ್ಲೇ, ಅಂದರೆ ‘ನಾ’ ಆದ ಮೇಲೆ ಕೂತಿರುತ್ತದೆ. ಯುನಿಕೋಡ್‌ನಲ್ಲಿ ಉಚ್ಚಾರದ ಕ್ರಮ, ‘ರ್’ ಮೊದಲು ಬರಬೇಕು. ಸಲಕರಣೆ ಅದನ್ನು ಇಡೀ ‘ನಾ’ ದಾಟಿಸಿ ಹಿಂದಕ್ಕೆ ಒಯ್ಯಬೇಕು. ಅರ್ಧ ದಾರಿಯಲ್ಲಿ ಬಿಟ್ಟರೆ ‘ಕನರ್ಾಟಕ’ ಆಗುತ್ತದೆ, ಒಯ್ಯದೇ ಇದ್ದರೆ ‘ಕನಾರ್ಟಕ’. ಎರಡೂ ಇವತ್ತಿಗೂ ಅಂತರ್ಜಾಲದಲ್ಲಿ ಕಣ್ಣಿಗೆ ಬೀಳುತ್ತವೆ. ನಿಮ್ಮ ಫೈಲಿನಲ್ಲಿ ಅವು ಸಿಕ್ಕಿದರೆ ಆ ಸಲಕರಣೆ ಬಿಟ್ಟು ಇನ್ನೊಂದನ್ನು ನೋಡಿ. ಅಲ್ಲಿಯ ತನಕ ಹಳೇ ಕಂಪ್ಯೂಟರನ್ನು ಗುಜರಿಗೆ ಹಾಕಬೇಡಿ.